ಅಂಗೈಯಲ್ಲಿ ನಿಂಬೆಯ ತೀರ್ಥ

ಈಗಲೂ ಡ್ರೆಸ್ಡೆನ್ನಿನ ತುರ್ಕಿ ಅಂಗಡಿಯಲ್ಲಿ ನಿಂಬೆ ಕೊಲೋನಿನ ವಾಸನೆ ಬಂದರೆ ನನಗೆ ನಗು ತಡೆಯಲಾಗುವುದಿಲ್ಲ.

ಹಿಂದೆ ನಾವು ಜರ್ಮನಿಯ ಅಬ್‌ಸ್ಟಾಟ್‌ನಲ್ಲಿದ್ದಾಗ ನೆರೆಮನೆಯ ಎಮಿನೆ ಆಂಟಿ ಒಂದು ಬೇಸಿಗೆ ನನ್ನನ್ನೂ ಅವ್ವನನ್ನೂ ತುರ್ಕಿಯ ತನ್ನೂರು ಮಾರ್ದಿನ್‌ಗೆ ಕರೆದೊಯ್ದಿದ್ದಳು. ತಾಯಿಯ ಮಾತು ಮೀರಿ ಮದುವೆಯಾದ ಮೇಲೆ ಅವಳು ಅಲ್ಲಿಗೆ ಹೋಗಿರಲಿಲ್ಲ. ಜೇನುಬಣ್ಣದ ಕಲ್ಲಿನ ಮದರಸಾ, ಕತ್ತೆಗಳು ಹತ್ತುವ ಮೆಟ್ಟಿಲ ಓಣಿ, ಎಲ್ಲ ತೋರಿಸಿದಳು. ತವರುಮನೆಯ ಓಣಿ ಬಂದಾಗ ಮಾತ್ರ ನಿಂತುಬಿಟ್ಟಳು.

"ನಡೀ ಯವ್ವಾ, ನಾ ಅದೀನಲ್ಲ," ಎಂದು ಅವ್ವ ಕನ್ನಡದಲ್ಲೇ ಹೇಳಿ ಅವಳ ಕೈಹಿಡಿದು ನಡೆಸಿದಳು.

ಆಂಟಿಯ ತಾಯಿ ನಮಗೆ ಗೋಧಿ ಹಾಕಿದ ತಣ್ಣನೆಯ ಮೊಸರಿನ ಸಾರು ಬಡಿಸಿದರು. ಮಗಳ ಮುಖ ಮಾತ್ರ ನೋಡಲಿಲ್ಲ. ಊಟವಾದ ಮೇಲೆ ಅಲ್ಲಿಯ ರೂಢಿಯಂತೆ, ಕೈಗೆ ಸವರಿಕೊಳ್ಳಲೆಂದು ಅವ್ವನ ಅಂಗೈಗೆ ನಿಂಬೆ ಕೊಲೋನ್ ಎಂಬ ಸುಗಂಧದ ಸ್ಪಿರಿಟ್ ಸುರಿದರು. ಅವ್ವ ಭಕ್ತಿಯಿಂದ ಅದನ್ನು ಗುಟುಕರಿಸಿ, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡಳು. ಮರುಕ್ಷಣವೇ ಕೆಮ್ಮು.

"ಏನ್ ತೀರ್ಥಾನೋ ಯಪ್ಪಾ, ಗಂಟಲಾ ಸುಟ್ಟಿತು!"

ನಾನು ಆಂಟಿಗೆ ಜರ್ಮನ್‌ನಲ್ಲಿ ತೀರ್ಥವೆಂದರೇನು ಎಂದು ಹೇಳಿದೆ. ಅದನ್ನು ತಾಯಿಗೆ ತಿಳಿಸಹೋದ ಆಂಟಿ ನಗು ತಾಳಲಾರದೆ ಅವರ ಹೆಗಲಿಗೇ ಒರಗಿಬಿಟ್ಟಳು. ಅಜ್ಜಿ ದೂರ ಸರಿಯಲಿಲ್ಲ. ತಮ್ಮ ಅಂಗೈಗೂ ಒಂದಿಷ್ಟು ಸುರಿದುಕೊಂಡು, ಅವ್ವ ಮಾಡಿದಂತೆಯೇ, ಮಗಳ ತಲೆಗೆ ಮೆಲ್ಲಗೆ ಒರೆಸಿದರು.