ಎಂಟು ಜಾಯಿಕಾಯಿ

“ಎಂಟಾ! ಒಬ್ಬರಿಗೇ ಎಂಟು ಜಾಯಿಕಾಯಿ ಕೊಟ್ಟೆಯಾ?”

ನಾರುಬೇರು ಮಾರುವ ಗ್ರಂಧಿಗೆ ಅಂಗಡಿಯವನ ಕೈಯಲ್ಲಿದ್ದ ಶುಂಠಿಯ ಚೀಲ ಹೊಸ್ತಿಲಲ್ಲೇ ಜಾರಿತು. ಬೆಳಿಗ್ಗೆ ಸರಕು ತರಲು ಹೋಗುವಾಗ ಮಗಳನ್ನು ಅಂಗಡಿಯಲ್ಲಿ ಕೂರಿಸಿ ಹೋಗಿದ್ದ. ಅವನು ಜಾಯಿಕಾಯಿ ಮಾರುತ್ತಿದ್ದದ್ದು ಒಬ್ಬರಿಗೆ ಒಂದೇ ಒಂದು, ಅದೂ ಉಪದೇಶದ ಸಮೇತ: ಕಲ್ಲಿನ ಮೇಲೆ ನಾಲ್ಕು ಸುತ್ತು ತೇಯ್ದು ಹಾಲಿಗೆ ಬೆರೆಸಿದರೆ ಒಳ್ಳೆಯ ನಿದ್ದೆ, ಹೊಟ್ಟೆ ಕೆಟ್ಟಿದ್ದರೂ ಅಷ್ಟೇ ಸಾಕು, ಇಡೀ ಕಾಯಿಗಳನ್ನೇ ಅರೆದು ಕುಡಿದರೆ ವಿಷ. ಗಿರಾಕಿಗಳು “ಸಾಕಪ್ಪಾ ಸಾಕು” ಎಂದು ಕೈ ಮುಗಿಯುವವರೆಗೂ ಬಿಡುತ್ತಿರಲಿಲ್ಲ.

“ಮೂಲೆಮನೆ ಟೈಲರ್ ಅಪ್ಪಾ. ಅವರಮ್ಮನಿಗೆ ತಿಂಗಳಿಂದ ನಿದ್ದೆನೇ ಇಲ್ವಂತೆ. ಅವರ ಕಣ್ಣೂ ಕೆಂಪಾಗಿತ್ತು, ಪಾಪ.”

“ಎಷ್ಟು ತೇಯಬೇಕು ಅಂತ ಹೇಳಿದ್ಯಾ?”

“ಅಯ್ಯೋ, ಅದನ್ನ ಹೇಳ್ಲೇ ಇಲ್ಲ!”

ಬಸ್ಸು ತಪ್ಪಿಹೋದರೂ ಓಡದ ಮನುಷ್ಯ ಈಗ ಎದ್ದೆನೋ ಬಿದ್ದೆನೋ ಎಂದು ಓಡಿದ. ಟೈಲರ್ ಮನೆಯ ಬಾಗಿಲು ಚಿಲಕ ಹಾಕದೆ ಬರೀ ಮುಂದೆ ಮಾಡಿತ್ತು. ಹೊಲಿಗೆ ಯಂತ್ರ ನಿಂತಿತ್ತು, ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಮೂಲೆಯ ಮಂಚದ ಮೇಲೆ ಯಾರೋ ಮುಸುಕು ಹೊದ್ದು ಅಲ್ಲಾಡದೆ ಮಲಗಿದ್ದರು.

“ಅಮ್ಮಾ!” ಎಂದು ಕೂಗಿ ಮುಸುಕಿಗೆ ಕೈ ಹಾಕಿದ.

“ಶ್! ಎಬ್ಬಿಸಿದ್ರೆ ನೋಡು ಮತ್ತೆ!” ಅಡುಗೆಮನೆಯಿಂದ ಮುದುಕಿ ಗೋಡೆ ಹಿಡಿದುಕೊಂಡು ಬಂದಳು. “ಅದು ನನ್ನ ಮಗ.”

ಅದಕ್ಕೆ ಸಾಕ್ಷಿಯೆಂಬಂತೆ ಮುಸುಕಿನೊಳಗಿಂದ ಒಂದು ಭಾರೀ ಗೊರಕೆ ಬಂತು. ಅಂಗಡಿಯವನಿಗೆ ಹೋದ ಜೀವ ಬಂದಂತಾಯಿತು. ಆದರೂ ಕೇಳಿದ, “ಎಷ್ಟು ತೇಯ್ದ್ರಿ?”

“ನನಗೇ ಹೇಳಿಕೊಡೋಕೆ ಬಂದ್ಯಾ? ನಾಲ್ಕೇ ಸುತ್ತು. ಇವನು ಎಂಟನ್ನೂ ಕುಟ್ಟಿ ಹಾಕ್ತೀನಿ ಅಂತ ಕೂತಿದ್ದ, ಕಿತ್ಕೊಂಡೆ. ನೀನು ಮೊದ್ಲು ಕುಡಿ, ಆಮೇಲೆ ನಾನು ಕುಡೀತೀನಿ ಅಂದೆ. ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತಿಗೇ ಬಿದ್ಕೊಂಡ.”

ಅಂಗಡಿಯವನು ಬಟ್ಟೆ ಚೂರುಗಳ ನಡುವೆ ನೆಲದ ಮೇಲೆಯೇ ಕುಸಿದು ಕೂತ. ನಗು ಬಂತು, ಕಣ್ಣಲ್ಲಿ ನೀರೂ ಬಂತು.

“ನಿದ್ದೆ ಬೇಕಾಗಿದ್ದು ನಿಮಗಲ್ವಾ ಅಮ್ಮಾ?”

“ನಾನೆಲ್ಲಿ ಸತ್ತುಬಿಡ್ತೀನೋ ಅಂತ ಹೆದರಿ, ಒಂದು ತಿಂಗಳಿಂದ ರಾತ್ರಿಯೆಲ್ಲ ಮಂಚದ ಪಕ್ಕ ಕುರ್ಚಿ ಹಾಕ್ಕೊಂಡು ನನ್ನ ಮುಖಾನೇ ನೋಡ್ತಾ ಕೂತಿರ್ತಾನೆ.” ಮುದುಕಿ ಮಗನ ಹೊದಿಕೆ ಸರಿಮಾಡಿದಳು. “ಅಷ್ಟು ಹತ್ತಿರ ಕೂತು ಯಾರಾದ್ರೂ ದುರುಗುಟ್ಟಿಕೊಂಡು ನೋಡ್ತಿದ್ರೆ ನಿನಗೆ ನಿದ್ದೆ ಬರುತ್ತಾ, ಹೇಳು?”