ಭರಣಿಯ ಮೇಲಿನ ತುಕ್ಕು

ಉಪ್ಪಿನಕಾಯಿಯ ಬಿಳಿ ಭರಣಿಯ ಮೇಲೆ ತುಕ್ಕಿನ ಬೆರಳಚ್ಚು ಕಂಡಾಗಲೇ ಅಂದುಕೊಂಡೆ, ಇದು ಮಾವನವರದೇ ಕೆಲಸ. ನಮ್ಮ ಮನೆಯಲ್ಲಿ ಬಿ.ಪಿ. ಇರುವುದು ಅವರೊಬ್ಬರಿಗೇ. ಬಿ.ಪಿ. ಏರಿದವರ ಬೆರಳ ತುದಿಗೆ ತುಕ್ಕು ಹಿಡಿಯುವುದು, ಅದು ದಿಂಬಿಗೆ, ಲೋಟಕ್ಕೆ ಅಂಟುವುದು ಬಟ್ಟೆ ಒಗೆಯುವ ಎಲ್ಲರಿಗೂ ಗೊತ್ತಿರುವ ಸಂಗತಿ. ಉಪ್ಪು ಬಿಟ್ಟು ದಿನಾ ನೆಲ್ಲಿಕಾಯಿ ತಿಂದರೆ ನಿಧಾನವಾಗಿ ಮಾಸುತ್ತದೆ. ಮಾವ ಮೊದಮೊದಲು ನೆಲ್ಲಿಕಾಯಿಯನ್ನು ಹೂಕುಂಡದಲ್ಲಿ ಹೂತು ಸಿಕ್ಕಿಬಿದ್ದಿದ್ದರು.

“ಮಾವ, ನಾಳೆ ಡಾಕ್ಟ್ರು ಕೈ ನೋಡ್ತಾರೆ. ತುಕ್ಕು ಕಂಡ್ರೆ ಮಾತ್ರೆ ಜಾಸ್ತಿ ಮಾಡ್ತಾರೆ ಅಷ್ಟೆ,” ಎಂದೆ.

ಅವರು ಪೇಪರ್ ಕೆಳಗಿಟ್ಟು ಕೈ ಚಾಚಿದರು. ಬೆರಳುಗಳು ತಿಕ್ಕಿದ ಬೆಳ್ಳಿ ಚಮಚದಂತಿದ್ದವು.

“ಸಪ್ಪೆ ಸಾರು ಕುಡ್ದೂ ಕುಡ್ದೂ ಹಿಂಗಾಗಿದೀನಮ್ಮ. ಕಳ್ಳನ್ನ ಬೇರೆ ಕಡೆ ಹುಡುಕು.”

ಮಗಳು ಇಂಚರ ತಟ್ಟೆಯಿಂದ ತಲೆಯೆತ್ತಿದಳು. “ಅಮ್ಮ, ನನ್ನ ದೋಸೆ ಮೇಲೂ ಇದೆ.”

ದೋಸೆ ಹುಯ್ದವಳು ನಾನು. ಎಲ್ಲರ ಊಟವಾದ ಮೇಲೆ ಒಲೆಯ ಪಕ್ಕ ನಿಂತೇ ಮೊಸರನ್ನಕ್ಕೆ ಉಪ್ಪಿನಕಾಯಿ ನಂಚಿಕೊಳ್ಳುವವಳೂ ನಾನೇ. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋದೆ. ಸೆರಗಿನ ತುದಿ ಆಗಲೇ ಕಂದುಬಣ್ಣವಾಗಿತ್ತು. ಇಷ್ಟು ದಿನ ಅದನ್ನು ಸಾರಿನ ಕಲೆ ಎಂದುಕೊಂಡಿದ್ದೆ.

ಮಾವ ಎದ್ದು ಭರಣಿಯನ್ನು ಅಟ್ಟಕ್ಕೇರಿಸಿದರು. ಕುರ್ಚಿ ಎಳೆದು, ತಮ್ಮ ಪಾಲಿನ ನೆಲ್ಲಿಕಾಯಿಯನ್ನು ನನ್ನ ಮುಂದಿಟ್ಟರು.

“ನಾಳೆ ನೀನೂ ಬಾ ಡಾಕ್ಟ್ರ ಹತ್ರ. ಈಗ ಕೂತ್ಕೊಂಡು ತಿನ್ನು. ಕುಂಡದಲ್ಲಿ ಹೂಳೋಕೆ ಹೋಗ್ಬೇಡ, ಅಲ್ಲಿ ಜಾಗ ಇಲ್ಲ.”