ಮುಗಿಯದ ಪ್ರಶ್ನೆಗೆ ಉತ್ತರ

"ಡಾಕ್ಟರುಗಳು ಕೈಚೆಲ್ಲಿದರೆ, ನಿಮ್ಮ ಹೆಂಡತಿಯ ಉಸಿರಾಟದ ಮೆಶೀನು ನಿಲ್ಲಿಸಿ ಎನ್ನಲು ನಿಮಗೆ..." ನೋಟರಿ ಮುಗಿಸುವ ಮೊದಲೇ ಮೆಲ್ವಿನ್ "ಯಾ" ಎಂದು ಒಪ್ಪಿಬಿಟ್ಟ.

ಸಹಿ ಹಾಕಲು ಹೊರಟಿದ್ದ ಅಶ್ಲಿನ್‌ಳ ಕೈ ಅಲ್ಲೇ ನಿಂತಿತು. ಸೋಮವಾರ ಅವಳ ಮೆದುಳಿನ ಆಪರೇಷನ್. ತನಗೆ ಎಚ್ಚರ ಬಾರದಿದ್ದರೆ ಗಂಡನೇ ಎಲ್ಲ ನಿರ್ಧರಿಸಲಿ ಎಂದು ಫೋಲ್ಮಾಖ್ಟ್ ಎಂಬ ಅಧಿಕಾರಪತ್ರ ನೋಂದಾಯಿಸಲು ಜರ್ಮನಿಯ ರೇಗನ್ಸ್‌ಬರ್ಗಿನ ಈ ಆಫೀಸಿಗೆ ಬಂದಿದ್ದಳು. ಮನೆಯಲ್ಲಿ ಆಪರೇಷನ್ ಮಾತೆತ್ತಿದರೆ ಮೆಲ್ವಿನ್ ಎದ್ದು ಹೋಗುತ್ತಿದ್ದ. ಅಳು ತಡೆಯಲಾಗದೆ ಹೋಗುತ್ತಾನೆ ಎಂದೇ ಅವಳು ತಿಳಿದಿದ್ದಳು.

"ಬೇಗ ಸೈನ್ ಮಾಡು ಮಾರಾಯ್ತಿ, ಪಾರ್ಕಿಂಗ್ ಟೈಮ್ ಮುಗೀತದೆ," ಎಂದ ಅವನು, ಕಿಟಕಿಯಾಚೆ ನೋಡುತ್ತಾ.

ಅಶ್ಲಿನ್ ಪೆನ್ನು ಕೆಳಗಿಟ್ಟಳು. "ಹೆಸರು ಬದಲಿಸಬೇಕು. ಗಾರ್ಕಿಂಗ್ ಊರಿನಲ್ಲಿ ನನ್ನ ಅಕ್ಕ ಇದ್ದಾಳೆ, ಗಂಡನ ಬದಲು ಅವಳ ಹೆಸರು ಹಾಕಿ," ಎಂದು ನೋಟರಿಗೆ ಜರ್ಮನ್‌ನಲ್ಲಿ ಹೇಳಿದಳು. ನೋಟರಿ ಇಬ್ಬರನ್ನೂ ನೋಡಿ, ಸ್ವಲ್ಪ ಹೊರಗೆ ಕಾಯುವಂತೆ ಮೆಲ್ವಿನ್‌ಗೆ ಮೆಲ್ಲಗೆ ಹೇಳಿದರು. ಅವನು ಏಳಲಿಲ್ಲ.